ಸುಣ್ಣದ ನಾಲ್ಕು ಗೆರೆ

ಕೆಂಚಾರ್ಲಹಳ್ಳಿಯ ನಮ್ಮ ಅಜ್ಜಿಯ ಮನೆಯಲ್ಲಿ, ರೇಷ್ಮೆಹುಳು ಸಾಕುವ ಕೋಣೆಯ ಬಾಗಿಲ ಹಿಂದೆ, ಬೆರಳಿನಿಂದ ಎಳೆದ ಸುಣ್ಣದ ಗೆರೆಗಳಿವೆ. ನಾಲ್ಕು ನಾಲ್ಕರ ಗುಂಪುಗಳು. ಹಳೆಯವು ಮಸುಕಾಗಿವೆ, ಹೊಸವು ಇನ್ನೂ ಬೆಳ್ಳಗಿವೆ. ಗೂಡು ಕಟ್ಟುವ ಮೊದಲು ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳುವಿನ ಮೇಲೆ ಸುಣ್ಣದ ಪುಡಿ ಉದುರಿಸುವುದುಂಟು. ಒಂದೊಂದು ಜ್ವರ ಮುಗಿದಾಗಲೂ ಅಜ್ಜಿ ಉಳಿದ ಪುಡಿಯಲ್ಲಿ ಒದ್ದೆ ಬೆರಳನ್ನು ಅದ್ದಿ ಒಂದು ಗೆರೆ ಎಳೆಯುತ್ತಾಳೆ. ಚಿಕ್ಕವಳಿದ್ದಾಗ ನಾನು ಅದನ್ನು ಅಲಂಕಾರವೆಂದುಕೊಂಡಿದ್ದೆ.

ಹೋದ ವರ್ಷ ಮಳೆಗಾಲದ ಕೊನೆಗೆ ಅವಳ ಮಿದುಳಿನ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತು. ಕೈಕಾಲು ಬೇಗ ಸರಿಹೋದವು. ನಿನ್ನೆ, ಮೊನ್ನೆ, ಹೋದ ವಾರಗಳು ಮಾತ್ರ ಒಂದರೊಳಗೊಂದು ಬೆರೆತುಹೋದವು. ಚಿಂತಾಮಣಿಯ ಡಾಕ್ಟರು ಮೃದುವಾಗಿಯೇ ಕೇಳಿದರು, "ಅಜ್ಜಿ, ಇವತ್ತು ಯಾವ ವಾರ?"

"ಮನೇಲಿ ಹುಳ ಇಲ್ವಲ್ಲಪ್ಪ, ಏನಂತ ಹೇಳ್ಲಿ?" ಎಂದಳು ಅಜ್ಜಿ.

ಡಾಕ್ಟರು ನಕ್ಕರು. ಪಕ್ಕದಲ್ಲಿದ್ದ ಮಾವ, ಅಂದರೆ ಅಜ್ಜಿಯ ಮಗ, ನಗಲಿಲ್ಲ.

ಚಳಿಗಾಲದ ಬೆಳೆಗೆ, ಬೇರೆಡೆ ಸಾಕಿ ಎರಡು ಜ್ವರ ಮುಗಿಸಿದ ಮರಿಹುಳು ಮನೆಗೆ ಬಂದ ದಿನವೇ, ಚಿಕ್ಕಬಳ್ಳಾಪುರದ ಕೆಲಸಕ್ಕೆ ರಜೆ ಹಾಕಿ ನಾನೂ ಹೋದೆ. ಮಾವ ಹೊಸ್ತಿಲಲ್ಲೇ ಹೇಳಿದರು: "ಈ ಬೆಳೆಗೆ ಅಮ್ಮ ಒಳಗೆ ಬರೋದು ಬೇಡ. ಯಾವ ಹೊತ್ನಲ್ಲಿ ಏನು ಮಾಡ್ತಾಳೋ. ಓದಿದೋಳು, ಟೈಮ್ ನೀನು ನೋಡ್ಕೋ." ನಾನು ಮೊಬೈಲು ತೆಗೆದು ಗಂಟೆ ನೋಡಿದೆ. ಹಾಗೆ ನೋಡಿದ್ದೇ ಒಪ್ಪಿಗೆ ಎಂದು ನನಗೆ ಗೊತ್ತಿತ್ತು. ಮದುವೆಯಾಗಿ ಬಂದಂದಿನಿಂದ ಆ ಕೋಣೆಯಲ್ಲೇ ಬದುಕು ಕಳೆದವಳು ಅಂದಿನಿಂದ ಅದರ ಹೊಸ್ತಿಲಾಚೆ ಕೂತಳು. ನಾನು ಎದುರಾದಾಗಲೆಲ್ಲ, ನಮ್ಮ ಕಡೆಯ ತೆಲುಗು ಮುದ್ದುಮಾತು ಬೆರೆಸಿ ಕೇಳುತ್ತಿದ್ದಳು, "ಯಾವಾಗ ಬಂದೆ ತಲ್ಲೀ?" ಎರಡು ದಿನವಾಯಿತು, ಮೂರು ದಿನವಾಯಿತು ಎಂದು ನಾನು ನಿಖರವಾಗಿ ಉತ್ತರಿಸುತ್ತಿದ್ದೆ. ಆ ಅಂಕಿಗಳು ಅವಳ ಮುಖದ ಮೇಲೆ ಎಲ್ಲೂ ನಿಲ್ಲದೆ ಜಾರಿಹೋಗುತ್ತಿದ್ದವು.

ಬೆಳಕಿಗೆ ಕಣ್ಣಿದೆ, ಸದ್ದಿಗೆ ಕಿವಿಯಿದೆ. ಕಾಲವನ್ನು ಅರಿಯಲು ನಮಗೆ ಒಂದು ಇಂದ್ರಿಯವನ್ನು ಯಾರೂ ಕೊಟ್ಟಿಲ್ಲ. ಹಸಿವು, ನಿದ್ದೆ, ಬಿಸಿಲಿನ ಓರೆ, ಎದೆಬಡಿತ, ನೆನಪು, ಇಂಥ ಚೂರುಗಳಿಂದ ಮಿದುಳು ಅದನ್ನು ಕತ್ತಲಲ್ಲಿ ಕೂತು ಹೊಲಿಯುತ್ತದೆ. ಹೊಲಿಗೆ ಸಮನಾಗಿರುವುದಿಲ್ಲವೆಂದು ನಿಮಗೂ ಗೊತ್ತು. ಮೂರು ವರ್ಷ ಚಿಕ್ಕಬಳ್ಳಾಪುರದಿಂದ ಅಜ್ಜಿಯ ಊರಿಗೆ, ಶಿಡ್ಲಘಟ್ಟದ ಮೇಲೆ ಹೋಗುವ ಒಂದೇ ಬಸ್ಸಿನಲ್ಲಿ ಓಡಾಡಿದ್ದೇನೆ; ನೆನಪಿನಲ್ಲಿ ಅಷ್ಟೂ ಸೇರಿ ಒಂದೇ ಪ್ರಯಾಣ. ಅಜ್ಜಿ ಬಿದ್ದಳೆಂದು ಸುದ್ದಿ ಬಂದ ದಿನದ ಪ್ರಯಾಣ ಮಾತ್ರ ಬೇರೆಯಾಗಿ ಉಳಿದಿದೆ: ಮುಂದಿನ ಸೀಟಿನ ಹೆಂಗಸಿನ ಮುಡಿಯಲ್ಲಿದ್ದ ಕನಕಾಂಬರ, ಕಂಡಕ್ಟರನ ಕೆಮ್ಮು, ಒಂದು ನಿಲ್ದಾಣದಲ್ಲಿ ಹತ್ತಿಸಿದ ಹಿಪ್ಪುನೇರಳೆ ಸೊಪ್ಪಿನ ಮೂಟೆ. ಮಿದುಳು ವ್ಯತ್ಯಾಸಗಳನ್ನು ಕೂಡಿಡುತ್ತದೆ, ಒಂದೇ ತೆರನಾದದ್ದನ್ನು ಮಡಚಿ ಎಸೆಯುತ್ತದೆ. ಹಾಗೆ ಎಸೆದ ಮೂರು ವರ್ಷಗಳಲ್ಲಿ ಅಜ್ಜಿ ಸಂಪೂರ್ಣ ಆರೋಗ್ಯವಾಗಿದ್ದಳು ಎನ್ನುವುದನ್ನು ನಾನು ತಡವಾಗಿ ಯೋಚಿಸಿದೆ.

ಮೂರನೆಯ ಜ್ವರಕ್ಕೆ ಹುಳುಗಳು ಒಂದು ಸಂಜೆ ನಾಲ್ಕಕ್ಕೆ ಕೂತವು. ಒಂದು ಹಗಲು, ಒಂದು ರಾತ್ರಿ ಸಾಕೆಂದು ಮಾವ ಹೇಳಿದ್ದರು. ಮರುದಿನ ನಾಲ್ಕಕ್ಕೆ ನನ್ನ ಮೊಬೈಲಿನ ಅಲಾರಂ ಹೊಡೆಯಿತು. ಹೊರಗೆ ಮೋಡ ಕವಿದು ಚಳಿಯಿತ್ತು.

"ಈಗ್ಲೇ ಸೊಪ್ಪು ಬೇಡ ಕಣಪ್ಪ," ಎಂದಳು ಅಜ್ಜಿ ಹೊಸ್ತಿಲಾಚೆಯಿಂದ. "ಮೇಲಿನ ತಟ್ಟೇವು ಎದ್ದಿರ್ತಾವೆ. ಕೆಳಗೆ ಚಳಿ, ಅವಿನ್ನೂ ಎಲ್ಲಾ ಎದ್ದಿರಲ್ಲ."

"ಇವತ್ಯಾವ ವಾರ ಅಂತ ಗೊತ್ತಿಲ್ಲ, ಹುಳ ಎದ್ದಿದ್ದು ಗೊತ್ತಾಗ್ತದಾ ನಿಂಗೆ?" ಎಂದರು ಮಾವ.

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಾನು ಮೊಬೈಲು ನೋಡಿ, "ಇಪ್ಪತ್ನಾಲ್ಕು ಗಂಟೆ ಆಯ್ತು ಮಾವ," ಎಂದೆ. ಸೊಪ್ಪು ಹಾಕಿದೆವು.

ಎರಡೇ ದಿನದಲ್ಲಿ ತಪ್ಪು ಕಣ್ಣಿಗೆ ಬಿತ್ತು. ಎದ್ದಿದ್ದವು ತಿಂದು ಬೆಳೆದವು. ಎದ್ದಿಲ್ಲದವು ಸೊಪ್ಪಿನಡಿ ಸಿಕ್ಕಿ ಹಿಂದುಳಿದವು. ಕೆಳಗಿನ ಒಂದೊಂದು ತಟ್ಟೆಯಲ್ಲೂ ಎರಡು ವಯಸ್ಸು. ಹೀಗೇ ಬಿಟ್ಟರೆ ಮುಂದಿನ ಜ್ವರಕ್ಕೂ ಹಿಂದುಮುಂದಾಗಿ ಕೂರುತ್ತವೆ, ಗೂಡೂ ಕೆಡುತ್ತದೆ. ನಾನೂ ಮಾವನೂ ಒಂದು ಪೂರ್ತಿ ಹಗಲು ಬಗ್ಗಿ ಕೂತು ಸಣ್ಣವನ್ನು ಬೇರೆ ತಟ್ಟೆಗಳಿಗೆ ಆರಿಸಿದೆವು. ನನ್ನ ಗಡಿಯಾರ ಸರಿಯಾಗಿಯೇ ಇತ್ತು. ಆದರೆ ಅದು ಹುಳುವಿನ ಕಾಲವಾಗಿರಲಿಲ್ಲ. ಆ ತಣ್ಣನೆಯ ಜೀವದೊಳಗೆ ಒಂದು ದಿನವೆಂದರೆ ಒಂದೂಕಾಲು ದಿನ. ಅಜ್ಜಿಯ ಮಿದುಳಿನಲ್ಲಿ ವಾರ, ತಿಂಗಳು, ಇಸವಿಗಳೆಂಬ ಮೇಲಿನ ಬರಹ ಅಳಿಸಿಹೋಗಿತ್ತು; ಅದರಡಿಯ ಹಳೆಯ ಬರಹ ಹಾಗೇ ಇತ್ತು. ನಾವು ಮೇಲಿನದನ್ನಷ್ಟೇ ಓದಿ, ಅವಳಲ್ಲಿ ಏನೂ ಉಳಿದಿಲ್ಲವೆಂದುಕೊಂಡಿದ್ದೆವು.

ನಾಲ್ಕನೆಯ ಜ್ವರದಲ್ಲಿ ನಾನು ಅಲಾರಂ ಇಡಲಿಲ್ಲ. ಮಾವ ಸೊಪ್ಪಿನ ಬುಟ್ಟಿ ತಂದು ಹೊಸ್ತಿಲ ಬಳಿ ಇಳಿಸಿದರು. ಬೇರೆಲ್ಲೋ ನೋಡುತ್ತ, "ಒಳಗೆ ಬಾಮ್ಮ, ನೋಡು," ಎಂದರು.

ಅಜ್ಜಿ ಕಾಲು ತೊಳೆದುಕೊಂಡು ಒಳಬಂದಳು. ಎಲ್ಲಕ್ಕಿಂತ ಕೆಳಗಿನ ತಟ್ಟೆಯ ಮುಂದೆ ಕಷ್ಟಪಟ್ಟು ಕೂತು ಹುಳುಗಳ ಮೇಲೆ ಮೆಲ್ಲಗೆ ಊದಿದಳು. ಕೆಲವು ತಲೆಯಾಡಿಸಿದವು, ಹಲವು ಕದಲಲಿಲ್ಲ. "ಇಲ್ಲ, ಇನ್ನೂ ಒಂದಷ್ಟು ಹೊತ್ತು," ಎಂದಳು. ಕಾದೆವು. ಎಷ್ಟು ಹೊತ್ತೆಂದು ನಾನು ನೋಡಲಿಲ್ಲ. ಮತ್ತೆ ಊದಿದಾಗ ತಟ್ಟೆಗೆ ತಟ್ಟೆಯೇ ತಲೆಯೆತ್ತಿ ತೂಗಿತು. "ಈಗ ಹಾಕಪ್ಪ," ಎಂದಳು.

ಮೇಯುವ ಸದ್ದು ಕೋಣೆಯನ್ನು ತುಂಬುತ್ತಿದ್ದಂತೆ ಅಜ್ಜಿ ಬಾಗಿಲ ಹಿಂದೆ ಹೋಗಿ ಸುಣ್ಣದ ಬೆರಳಿನಿಂದ ಈ ಬೆಳೆಯ ಬಾಕಿ ಮೂರು ಗೆರೆ ಎಳೆದು, ಪಕ್ಕದಲ್ಲೇ ನಾಲ್ಕನೆಯದನ್ನೂ ಎಳೆದಳು. ತಿರುಗಿದವಳು ನನ್ನನ್ನು ಅದೇ ಆಗ ಕಂಡವಳಂತೆ ಕೇಳಿದಳು, "ಯಾವಾಗ ಬಂದೆ ತಲ್ಲೀ?"

ದಿನಗಳ ಎಣಿಕೆ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಬಿಟ್ಟು, "ಎರಡನೇ ಜ್ವರ ಮುಗಿದಾಗ ಬಂದೆ ಅಜ್ಜಿ," ಎಂದೆ.

ಅವಳು ಬಾಗಿಲ ಕಡೆ ನೋಡಿದಳು. ಬೆರಳು ಎರಡನೆಯ ಗೆರೆಯಿಂದ ನಾಲ್ಕನೆಯದಕ್ಕೆ ನಿಧಾನವಾಗಿ ಸರಿಯಿತು.

"ಹಂಗಾದ್ರೆ ಬಾಳ ದಿನ ಇದ್ದೆ ನನ್ ಜೊತೆ," ಎಂದಳು.