ಹಗಲಲ್ಲಿ ಬಾಗಿಲು ಹಾಕಿಸಿದ ಮೇಡಂ

ಮೇಡಂ ಕುರ್ಚಿಯಲ್ಲಿ ಕೂತರೂ ಅವರ ಬಲಗಾಲು ಕೂರುತ್ತಿರಲಿಲ್ಲ. ಹೆಬ್ಬೆರಳು ಚಪ್ಪಲಿಯಿಂದ ಆಚೆ ಬಂದು ಸಿಮೆಂಟ್ ನೆಲವನ್ನು ಕೆರೆಯುತ್ತಲೇ ಇರುತ್ತಿತ್ತು. ಬಸ್ಸಿನಲ್ಲಂತೂ ಸ್ಟಾಪು ಬರುವ ಎಷ್ಟೋ ಮೊದಲೇ ಎದ್ದು ಬಾಗಿಲ ಹತ್ತಿರ ಹೋಗಿ ನಿಂತು, ಕಂಡಕ್ಟರ್ ಕೈಲಿ ಬೈಸಿಕೊಳ್ಳುವವರು. ಬೈದರೆ ಅವರೂ ಬಿಡುತ್ತಿರಲಿಲ್ಲ, ತಿರುಗಿ ಬೈಯುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಗುಬ್ಬಿಯಿಂದ ತುಮಕೂರಿನ ಕಾಲೇಜಿಗೆ ದಿನಾ ಓಡಾಡುತ್ತಿದ್ದೆ. ಅವರು ನಮಗೆ ಮನಶ್ಶಾಸ್ತ್ರ ಕಲಿಸುತ್ತಿದ್ದರು. ಪುಸ್ತಕ ಅಮೆರಿಕದ್ದು. 'ಮಗು ಈ ವಯಸ್ಸಿನಲ್ಲಿ ಒಂಟಿಯಾಗಿ ಮಲಗುವುದನ್ನು ಕಲಿಯುತ್ತದೆ' ಎಂದು ಓದುತ್ತಾ ಓದುತ್ತಾ ತಟ್ಟನೆ ನಿಲ್ಲಿಸಿ, "ನೀನು ಯಾವಾಗ ಒಬ್ಳೇ ಮಲಗೋದು ಕಲಿತೆ?" ಎಂದು ನನ್ನನ್ನು ಕೇಳಿದರು. "ಇನ್ನೂ ಅಜ್ಜಿ ಪಕ್ಕದಲ್ಲೇ ಮೇಡಂ" ಅಂದೆ. ಕ್ಲಾಸು ನಕ್ಕಿತು. ಅವರು ನಗಲಿಲ್ಲ. "ಹಾಗಾದ್ರೆ ಈ ಪುಸ್ತಕದ ಪ್ರಕಾರ ನೀನು ಇನ್ನೂ ಬೆಳೆದೇ ಇಲ್ಲ ಕಣೇ" ಎಂದು ಪುಟ ತಿರುಗಿಸಿದರು.

ಆಗ ಅವರು ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದರು. ಅದು ಸಿಕ್ಕರೆ ವಿಭಾಗದ ಮುಖ್ಯಸ್ಥೆಯಾಗುತ್ತಾರೆ, ಸಿಗದಿದ್ದರೆ ಇದ್ದಲ್ಲೇ ಇರುತ್ತಾರೆ ಎಂಬುದು ಇಡೀ ಕಾಲೇಜಿಗೆ ಗೊತ್ತಿತ್ತು. ವಿಷಯ, ತಾಯಿ ಮತ್ತು ಮಗುವಿನ ನಂಟು. ವಿಧಾನವನ್ನು ಪುಸ್ತಕದಿಂದಲೇ ತೆಗೆದುಕೊಂಡಿದ್ದರು. ಒಂದು ಕೋಣೆಯಲ್ಲಿ ತಾಯಿ, ಮಗು, ಒಬ್ಬ ಅಪರಿಚಿತೆ ಇರಬೇಕು. ತಾಯಿ ಎದ್ದು ಹೊರಗೆ ಹೋಗಬೇಕು. ಮಗು ಎಷ್ಟು ಅಳುತ್ತದೆ, ತಾಯಿ ವಾಪಸು ಬಂದಾಗ ಏನು ಮಾಡುತ್ತದೆ ಎಂದು ನೋಡಬೇಕು. ಊರು ಕುಣಿಗಲ್ ತಾಲ್ಲೂಕಿನ ಅಮೃತೂರು. ಅಪರಿಚಿತೆ ನಾನೇ. ನಗಬಾರದು, ಎತ್ತಿಕೊಳ್ಳಬಾರದು, ಕಲ್ಲಿನ ಹಾಗೆ ಕೂತಿರಬೇಕು ಎಂದು ಬಸ್ಸಿನುದ್ದಕ್ಕೂ ಪಾಠವಾಗಿತ್ತು.

ಮೊದಲ ಮನೆಯಲ್ಲಿ ತಾಯಿ ಹಿತ್ತಲಿಗೆ ಹೋದಳು. ಮಗು ನನ್ನನ್ನು ಒಮ್ಮೆ ನೋಡಿತು. ಅಳಲೇ ಇಲ್ಲ. ತಪ್ಪು ಹೆಜ್ಜೆ ಇಡುತ್ತಾ ಹೊಸ್ತಿಲಿಗೆ ಹೋಗಿ, ಎದುರು ಮನೆಯ ಟೈಲರ್ ಸಾಹೇಬರ ಹೆಂಡತಿಯತ್ತ ಎರಡೂ ಕೈ ಚಾಚಿತು. ಅವರು ಬಂದು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ನಡೆದೇಬಿಟ್ಟರು. ಮೇಡಂ ಸ್ಟಾಪ್‌ವಾಚ್ ಹಿಡಿದು ಅವರ ಹಿಂದೆ ಓಡಿದರು. ಎರಡನೇ ಮನೆಯಲ್ಲಿ ಮಗು ಬಿಕ್ಕತೊಡಗಿದ್ದೇ ತಡ, ಪಕ್ಕದ ಮನೆಯ ಅಜ್ಜಿ ಬಂದು ನನಗೆ, "ಏನವ್ವ, ಕೂಸು ಬಿಕ್ಕುತಾ ಐತೆ, ಗೊಂಬೆ ಹಂಗೆ ಕುಂತಿದ್ದೀಯಲ್ಲ, ನಿಂಗೇನು ಕೈ ಇಲ್ವಾ?" ಎಂದು ಗದರಿತು.

ಮೇಡಂಗೆ ಸಿಟ್ಟು ನೆತ್ತಿಗೇರಿತು. ಮೂರನೇ ಮನೆಯಲ್ಲಿ ಬೀದಿ ಬಾಗಿಲಿಗೆ ಅಗುಳಿ ಹಾಕಿಸಿದರು. ಆ ಕಡೆ ಹಗಲು ಹೊತ್ತು ಬೀದಿ ಬಾಗಿಲು ಹಾಕುವ ರೂಢಿಯೇ ಇಲ್ಲ. ಹಾಕಿದರೆ ಆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದೇ ಲೆಕ್ಕ. ಒಳಗೆ ಮಗು ಅಳುತ್ತಿದೆ, ಬಾಗಿಲು ಹಾಕಿದೆ. ಕ್ಷಣದಲ್ಲಿ ಬೀದಿಗೆ ಬೀದಿಯೇ ಸೇರಿ ಬಾಗಿಲು ಬಡಿಯತೊಡಗಿತು. "ಯಾರಿಗೇನಾಯ್ತು? ತೆಗೀರಲೇ!" ತೆಗೆದಾಗ ಎದುರಿಗೆ ಗಂಡಸರೂ ಹೆಂಗಸರೂ ಗಾಬರಿಯಲ್ಲಿ ನಿಂತಿದ್ದರು, ಒಬ್ಬಳು ಆಗಲೇ ಕಣ್ಣೀರು ಹಾಕುತ್ತಿದ್ದಳು. ಏನೂ ಆಗಿಲ್ಲ, ಪರೀಕ್ಷೆ ಮಾಡ್ತಾ ಇದ್ವಿ ಅಂದರೆ, ಕೂಸಿಗೆ ಎಂಥದ್ದು ಪರೀಕ್ಷೆ ಎಂದು ಸರಿಯಾಗಿ ಉಗಿದರು.

ವಾಪಸು ಬರುವಾಗ ಬಸ್ಸು ಕುಣಿಗಲ್ ದಾಟಿದ ಮೇಲೆ ಮೇಡಂ ಸ್ಟಾಪ್‌ವಾಚನ್ನು ಚೀಲಕ್ಕೆ ಹಾಕಿದರು. ಆಮೇಲೆ ಅಂದರು: "ಅಳದೇ ಇದ್ರೆ ಆ ಮಗುಗೆ ತಾಯಿ ಜೊತೆ ನಂಟಿಲ್ಲ ಅಂತಾರೆ ಪುಸ್ತಕದಲ್ಲಿ. ಆ ಮಗುಗೆ ಬೀದಿ ತುಂಬ ತಾಯಂದಿರು. ಇದನ್ನ ಎಲ್ಲಿ ಬರೀಲಿ? ಅಮೆರಿಕದವ್ರ ಮನೇಲಿ ಬಾಗ್ಲು ಹಾಕಿರುತ್ತೆ, ಅದು ವಿಜ್ಞಾನ. ನಮ್ಮಲ್ಲಿ ತೆಗೆದಿರುತ್ತೆ, ಅದು ಅಡಚಣೆ!" ಮುಂದಿನ ಸೀಟಿನವರು ತಿರುಗಿ ನೋಡಿದರು. ಮಾರನೇ ವಾರದಿಂದ ಬಾಗಿಲು ತೆರೆದಿಟ್ಟೇ ಕೆಲಸ ಶುರುವಾಯಿತು. ಯಾರು ಬಂದರು, ಯಾರು ಎತ್ತಿಕೊಂಡರು, ಎಲ್ಲವನ್ನೂ ಬರೆದುಕೊಂಡೆವು.

ಅವರ ಗೈಡು ಬೆಂಗಳೂರಿನ ದೊಡ್ಡ ಪ್ರೊಫೆಸರು, ಒಳ್ಳೆಯ ಮನುಷ್ಯರೇ. ಒಮ್ಮೆ ನಮ್ಮ ಕಾಲೇಜಿಗೆ ಬಂದವರು ಸ್ಟಾಫ್ ರೂಮಿನಲ್ಲಿ ಮೇಡಂಗೆ ಸಮಾಧಾನವಾಗಿಯೇ ಹೇಳಿದರು. "ನೋಡಮ್ಮ, ಪಕ್ಕದ ಮನೆಯವರು ಬಂದ ಕೇಸೆಲ್ಲ ತೆಗೆದುಹಾಕು. ತಾಯಿ ಮಗೂನ ಇಲ್ಲಿಗೇ ಕರೆಸಿ ಒಂದು ರೂಮಲ್ಲಿ ಕೂರಿಸಿ ಮಾಡು. ಥೀಸಿಸ್ ನೋಡೋರು ಹೊರದೇಶದವರು, ಅವರು ಒಪ್ಪಬೇಕಲ್ಲ."

"ತೆಗೆದುಹಾಕಿದ್ರೆ ಉಳಿಯೋದೇನು ಸಾರ್? ಅಮೆರಿಕದ ಮಕ್ಕಳ ಮೇಲೆ ಮಾಡಿದ್ರೆ ಅದು ಮಕ್ಕಳ ಬಗ್ಗೆ. ಅಮೃತೂರಿನ ಮಕ್ಕಳ ಮೇಲೆ ಮಾಡಿದ್ರೆ ಬರೀ ಅಮೃತೂರಿನ ಬಗ್ಗೆ. ಇದ್ಯಾವ ನ್ಯಾಯ?"

"ನ್ಯಾಯ ಅಂತ ನಾನೆಲ್ಲಿ ಅಂದೆ? ಪದ್ಧತಿ ಅಂದೆ" ಎಂದು ಅವರು ಕಾಫಿ ಲೋಟ ಎತ್ತಿಕೊಂಡರು.

ಮೇಡಂ ತಿದ್ದಲಿಲ್ಲ. ಥೀಸಿಸ್ ಮುಂದಕ್ಕೆ ಹೋಗಲಿಲ್ಲ. ಎಂಬತ್ತರ ದಶಕದಲ್ಲಿ ಅವರ ಕಣ್ಣೆದುರೇ ಕಿರಿಯರು ಒಬ್ಬೊಬ್ಬರಾಗಿ ಡಾಕ್ಟರಾದರು, ಅವರಲ್ಲೊಬ್ಬರು ವಿಭಾಗದ ಮುಖ್ಯಸ್ಥರೂ ಆದರು. ಮೇಡಂ ಸಣ್ಣಪುಟ್ಟದ್ದಕ್ಕೂ ರೇಗತೊಡಗಿದರು. ಸೀಮೆಸುಣ್ಣ ಇಲ್ಲ ಅಂದರೆ ಜಗಳ, ಗಂಟೆ ತಡವಾಗಿ ಹೊಡೆದರೆ ಜಗಳ. ಹಟಮಾರಿ ಎಂದು ಹೆಸರಾಯಿತು. ಹಟಮಾರಿಯೇ, ಹೌದು. ಅಷ್ಟು ಹಟವಿಲ್ಲದಿದ್ದರೆ ನನಗೆ ಓದುವಾಗ ಪ್ರಶ್ನೆ ಕೇಳಬಹುದು ಎಂದೇ ತಿಳಿಯುತ್ತಿರಲಿಲ್ಲ.

ಮೇಡಂ ಕಾಯಿಲೆ ಬಿದ್ದಾಗ ತುಮಕೂರಿನ ಸದಾಶಿವನಗರದ ಅವರ ಮನೆಗೆ ಹೋಗಿದ್ದೆ. ಆ ಹೊತ್ತಿಗೆ ನಾನೂ ಅದೇ ವಿಷಯ ಕಲಿಸುತ್ತಿದ್ದೆ. ಸಮಾಧಾನಕ್ಕೆಂದು, "ಡಿಗ್ರಿ ಏನು ಮಹಾ ಬಿಡಿ ಮೇಡಂ" ಅಂದೆ. ದಿಂಬಿನಿಂದ ತಲೆ ಎತ್ತಿಯೇಬಿಟ್ಟರು.

"ಹಾಗನ್ಬೇಡ ಕಣೇ. ನಂಗದು ಬೇಕಿತ್ತು. ತುಂಬ ಬೇಕಿತ್ತು. ಆ ಮಕ್ಕಳ ಸಮೇತ ಬೇಕಿತ್ತು, ಅಷ್ಟೇ."

ಅದಾದ ಸ್ವಲ್ಪ ದಿನಕ್ಕೆ ತೀರಿಕೊಂಡರು. ಕಾಲೇಜಿನ ಸಂತಾಪ ಸಭೆಗೆ ಬೆಂಗಳೂರಿನಿಂದ ಅವರ ಗೈಡೂ ಬಂದಿದ್ದರು. ತುಂಬ ವಯಸ್ಸಾಗಿತ್ತು. ನಿಜವಾಗಿಯೂ ದುಃಖದಿಂದಲೇ ಮಾತಾಡಿದರು. "ಆಕೆ ದೊಡ್ಡ ಮನಸ್ಸಿನವಳು. ಡಿಗ್ರಿಯ ಆಸೆಯೇ ಇರಲಿಲ್ಲ" ಅಂದರು.

ಸಭೆ ತಲೆದೂಗಿತು. ನನಗೆ ಮೈ ಉರಿದುಹೋಯಿತು. ಎದ್ದು ನಿಂತೆ.

"ಇತ್ತು ಸಾರ್" ಅಂದೆ. "ನೀವು ಕೊಡ್ಲಿಲ್ಲ."