ಲೋಲಾಕ್ಷಿ ಸಿಸ್ಟರ್ ತಿಂದ ಹತ್ತು ಒಣ ಪ್ಲಮ್

ಲೋಲಾಕ್ಷಿ ಸಿಸ್ಟರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊಸಂಗಡಿ ಪೇಟೆ ದಾಟುವುದು ಸುಲಭದ ಕೆಲಸವಲ್ಲ. ಹಣ್ಣಿನ ಅಂಗಡಿ ಕಂಡರೆ ಇಳಿಯುತ್ತಾರೆ. ಕೊಳ್ಳುವುದು ನಾಲ್ಕು, ಕೇಳುವುದು ನಲವತ್ತು. ಕಳೆದ ಜೂನ್‌ನಲ್ಲಿ ಪ್ಲಮ್ ಹಣ್ಣಿನ ರಾಶಿಯ ಮುಂದೆ ನಿಂತು, "ಸಿಪ್ಪೆ ಇಷ್ಟು ಹುಳಿ, ಒಳಗೆ ಇಷ್ಟು ಸಿಹಿ, ಹಾಗ್ಯಾಕೆ?" ಎಂದು ಅಂಗಡಿಯವನ ತಲೆ ತಿಂದರು. ಅವನು, "ಸಿಸ್ಟರೇ, ನಾನು ಮಾರುವವ ಮಾತ್ರ" ಎಂದು ಕೈ ಮುಗಿದ.

ನಾನು ಪುರಂದರ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ಪಾಲಿಯೇಟಿವ್ ತಂಡದ ಜೀಪು ಓಡಿಸುವವನು. ಸಿಸ್ಟರ್ ಹದಿನಾಲ್ಕು ವರ್ಷದಿಂದ ಆ ತಂಡದ ನರ್ಸ್. ಒಂಬತ್ತು ವರ್ಷದಿಂದ ಅವರ ಪ್ರಶ್ನೆಗಳೆಲ್ಲ ಮೊದಲು ಬಂದು ಬೀಳುವುದು ನನ್ನ ತಲೆಯ ಮೇಲೆ.

"ಪುರಂದರ, ಪ್ಲಮ್‌ನಲ್ಲಿ ನೂರಕ್ಕೆ ಎಂಬತ್ತೇಳು ಪಾಲು ನೀರೇ ಅಂತೆ" ಎಂದರು, ಫೋನ್ ನೋಡುತ್ತಾ. "ವಿಟಮಿನ್ ಸಿ ಸ್ವಲ್ಪ ಉಂಟು. ನಮ್ಮ ಹಿತ್ತಿಲ ಪೇರಳೆಯ ಎದುರು ಅದು ಎಂತದೂ ಅಲ್ಲ."

"ಮತ್ತೆ ಯಾಕೆ ತೆಗೊಂಡದ್ದು?"

"ರುಚಿ ಉಂಟಲ್ಲ ಮಾರಾಯ!"

ಅವತ್ತು ನಾವು ಹೊರಟದ್ದು ಮೀಂಜದ ಕುಂಞಣ್ಣನ ಮನೆಗೆ. ಜೀವಮಾನವಿಡೀ ಕೆಂಪುಕಲ್ಲು ಕಡಿದ ಮನುಷ್ಯ. ಈಗ ಬೆನ್ನಮೂಳೆಗೆ ಕ್ಯಾನ್ಸರ್ ಇಳಿದಿತ್ತು. ನೋವಿಗೆ ಡಾಕ್ಟರು ಮಾರ್ಫಿನ್ ಮಾತ್ರೆ ಬರೆದಿದ್ದರು. ಆದರೂ ಮೂರು ವಾರದಿಂದ ಆತ ಹಲ್ಲು ಕಚ್ಚಿಕೊಂಡೇ ಮಲಗಿದ್ದ. ಕೇಳಿದರೆ, "ನೋವಾ? ಎಂತದೂ ಇಲ್ಲ" ಎನ್ನುತ್ತಿದ್ದ. ಹಣೆಯ ಮೇಲೆ ಮಾತ್ರ ಬೆವರು. ಮಾತ್ರೆ ಯಾಕೆ ಹಿಡಿಯುತ್ತಿಲ್ಲ ಎಂದು ಸಿಸ್ಟರಿಗೆ ತಲೆಬಿಸಿ.

ಮಗಳು ನಿಶ್ಮಿತಾ ಹಾಸಿಗೆಯ ಹೊದಿಕೆ ಬದಲಿಸುವಾಗ ಅಪ್ಪನ ಎಲೆಯಡಿಕೆ ಸಂಚಿ ಕೆಳಗೆ ಬಿತ್ತು. ಅದರಿಂದ ಮಾತ್ರೆಗಳು ಉರುಳಿದವು. ಒಂದೆರಡಲ್ಲ, ಬೊಗಸೆ ತುಂಬ. ನಿಶ್ಮಿತಾ ಅಳಲಿಕ್ಕೇ ಶುರು ಮಾಡಿದಳು. ಕುಂಞಣ್ಣ ಗೋಡೆಯ ಕಡೆ ತಿರುಗಿ ಮಲಗಿದ.

ಹೆಂಗಸರು ಅಡುಗೆಮನೆಗೆ ಹೋದ ಮೇಲೆ ಆತ ನನ್ನನ್ನು ಹತ್ತಿರ ಕರೆದ. "ಆ ಮಾತ್ರೆ ತಿಂದ್ರೆ ಹೊಟ್ಟೆ ಕಲ್ಲಾಗ್ತದೆ ಮಾರಾಯ. ಅಪರೂಪಕ್ಕೆ ಒಂದೊಂದು ನುಂಗಿದ್ದಕ್ಕೇ ನಾಲ್ಕು ದಿನ ಆಯ್ತು ಹೋಗದೆ. ಸಿಸ್ಟರ್ ವಾರ ವಾರ ಕೇಳ್ತಾರೆ, ನಾನು ಸಲೀಸು ಉಂಟು ಅಂತೇನೆ. ಹೆಂಗಸರ ಹತ್ರ ಹೇಳುವ ಮಾತಾ ಇದು?"

"ಅದಕ್ಕೇ ಅಂತ ಸಿರಪ್ಪು ಕೊಟ್ಟಿದ್ದಾರಲ್ಲ?"

"ಕಿಟಕಿಯಿಂದ ಚೆಲ್ಲಿದೆ. ಹಾಸಿಗೆಯಲ್ಲೇ ಆಗಿಬಿಟ್ರೆ? ತೊಳಿಬೇಕಾದ್ದು ಯಾರು, ನನ್ನ ಮಗಳು. ಅದಕ್ಕಿಂತ ಬೆನ್ನುನೋವೇ ಆಗಬಹುದು. ನೀನು ಬಾಯಿ ಬಿಟ್ರೆ ನೋಡು!"

ನನಗೆ ಸಿಟ್ಟೂ ಬಂತು, ಪಾಪವೂ ಅನಿಸಿತು. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟು, ಜೀಪು ಗೇಟು ದಾಟುವ ಮೊದಲೇ ಎಲ್ಲ ಹೇಳಿಬಿಟ್ಟೆ.

ಸಿಸ್ಟರ್ ಬಯ್ಯಲಿಲ್ಲ. ಅವರ ಮಡಿಲಲ್ಲಿ ಒಂದು ಪೊಟ್ಟಣವಿತ್ತು. ರೋಗಿಯನ್ನು ನೋಡಲು ಬಂದ ಪಕ್ಕದ ಮನೆಯ ಕೈಜಮ್ಮ ತಂದದ್ದು, ಅವರ ಮಗ ಅಶ್ಕರ್ ದುಬೈಯಿಂದ ಕಳಿಸಿದ ಒಣ ಪ್ಲಮ್. ಸಿಸ್ಟರ್ ಅರ್ಧವನ್ನು ನಿಶ್ಮಿತಾಳ ಡಬ್ಬಿಗೆ ಹಾಕಿ, ಉಳಿದರ್ಧ ಪೊಟ್ಟಣ ಸಮೇತ ಕೇಳಿ ತೆಗೆದುಕೊಂಡಿದ್ದರು. ಈಗ ಕನ್ನಡಕ ಮೇಲೆ ಮಾಡಿ ಅದರ ಹಿಂದಿನ ಬರಹ ಓದತೊಡಗಿದರು.

"ನೋಡು, ಹಸಿ ಹಣ್ಣಿನ ಐದು ಪಟ್ಟು ನಾರು. ಇದರಲ್ಲಿ ಸಾರ್ಬಿಟಾಲ್ ಅಂತ ಒಂದು ಸಿಹಿ ಉಂಟು, ಅದು ಕರುಳಿಗೆ ನೀರು ಎಳ್ಕೊಳ್ತದೆ. ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಹಾಳಾದವರಿಗೆ ಆಗದು. ಕುಂಞಣ್ಣನ ಕಿಡ್ನಿ ಸರಿ ಉಂಟು, ಶುಗರ್ ಇಲ್ಲ." ಕೂಡಲೇ ಡಾಕ್ಟರಿಗೆ ಫೋನ್ ಹೋಯಿತು. ಕೊಡಬಹುದು, ಆದರೆ ಸಿರಪ್ಪು ಬಿಡುವ ಹಾಗಿಲ್ಲ, ನೀರು ಚೆನ್ನಾಗಿ ಕುಡಿಯಬೇಕು, ನಾಳೆ ಹೊಟ್ಟೆ ಮುಟ್ಟಿ ನೋಡಿ ಹೇಳಿ ಎಂದರು ಅವರು.

"ಎಷ್ಟು ಕೊಡುವುದು ಅಂತ ತಿಂದೇ ನೋಡ್ತೇನೆ" ಎಂದು ಸಿಸ್ಟರ್ ಒಂದೊಂದಾಗಿ ಹತ್ತು ಮುಗಿಸಿದರು.

ಮರುದಿನ ಬೆಳಿಗ್ಗೆ ದಾರಿಯಲ್ಲಿ, "ಪುರಂದರ, ನಿಲ್ಸು. ನಿಲ್ಸು ಅಂದೆ!" ಕಂಡ ಮೊದಲ ಮನೆಗೆ ನುಗ್ಗಿದರು. ಅಲ್ಲಿ ಹೆಣ್ಣು ನೋಡುವ ಕಾರ್ಯಕ್ರಮ. ಹುಡುಗನ ಕಡೆಯವರು ಬಂದರೆಂದು ತಿಳಿದು ಮನೆಯವರು ಎದ್ದು ನಿಂತು ಕೈ ಮುಗಿದರಂತೆ. ಸಿಸ್ಟರ್ ಅವರ ನಡುವಿನಿಂದಲೇ ಓಡಿ, "ಟಾಯ್ಲೆಟ್ ಯಾವ ಕಡೆ?" ಎಂದು ಕೇಳಿದ್ದು ಅಂಗಳದಲ್ಲಿದ್ದ ನನಗೂ ಕೇಳಿಸಿತು. ಹೊರಗೆ ಬಂದ ಸಿಸ್ಟರನ್ನು ಮನೆಯವರು ಹಾಗೇ ಬಿಡಲಿಲ್ಲ, ಶರಬತ್ತು ಕುಡಿಸಿ ಕಳಿಸಿದರು.

ಕುಂಞಣ್ಣನ ಮನೆ ತಲುಪಿದ್ದೇ, ಸಿಸ್ಟರ್ ಅವನ ಮಂಚದ ಪಕ್ಕ ಕುರ್ಚಿ ಎಳೆದು ಕೂತು ಅದೆಲ್ಲವನ್ನೂ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ನನಗೇ ನಾಚಿಕೆಯಾಗಿ ಬಾಗಿಲಿಗೆ ಹೋಗಿ ನಿಂತೆ. "ಆ ಹುಡುಗಿಯ ಅಮ್ಮ, 'ಹುಡುಗನಿಗೆ ನೀವು ಎಂತ ಆಗ್ಬೇಕು' ಅಂತ ಬಾಗಿಲ ಹೊರಗಿನಿಂದ ಕೇಳ್ತಾರೆ ಕುಂಞಣ್ಣ. ನಾನು ಒಳಗೆ. ಎಂತ ಹೇಳುವುದು?"

ಕುಂಞಣ್ಣ ನಕ್ಕ. ಬೆನ್ನು ನೋವಾಗುತ್ತಿದ್ದರೂ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ಮುಖ ಮುಚ್ಚಿಕೊಂಡು ಹೇಳಿದ, "ನಂಗೆ ಐದು ದಿನ ಆಯ್ತು ಸಿಸ್ಟರೇ. ಸುಳ್ಳು ಹೇಳಿದ್ದೆ."

ಸಿಸ್ಟರ್ ಅವನ ಹೊಟ್ಟೆ ಮುಟ್ಟಿ ನೋಡಿದರು, ಡಾಕ್ಟರಿಗೆ ವರದಿ ಹೇಳಿದರು, ಮಾಡಬೇಕಾದ್ದನ್ನು ಮಾಡಿದರು. ಮಧ್ಯಾಹ್ನ ನಾನು ತಂಡದ ಕಮೋಡ್ ಕುರ್ಚಿಯನ್ನು ಜೀಪಿನಲ್ಲಿ ತಂದು ಮಂಚದ ಪಕ್ಕ ಇಟ್ಟು, ನಡುವೆ ಒಂದು ಪರದೆ ಕಟ್ಟಿದೆ. ಹಾಸಿಗೆ ಹಾಳಾಗುವ ಭಯ ಅಲ್ಲಿಗೆ ಹೋಯಿತು. ದಿನಕ್ಕೆ ನಾಲ್ಕೇ ಒಣ ಪ್ಲಮ್, ಸಂಜೆ ನೆನೆಹಾಕಿ ಬೆಳಿಗ್ಗೆ ನೀರಿನ ಸಮೇತ, ಮೇಲೆ ಸಿರಪ್ಪು. "ಹತ್ತು ಮಾತ್ರ ಬೇಡ" ಎಂದು ಸಿಸ್ಟರ್ ನಿಶ್ಮಿತಾಳಿಗೆ ಎರಡೆರಡು ಸಲ ಹೇಳಿದರು.

ಮೂರು ದಿನ ಬಿಟ್ಟು ಹೋದಾಗ ಕೈಜಮ್ಮ, ನಿಶ್ಮಿತಾ ಇಬ್ಬರೂ ಮಂಚದ ಹತ್ತಿರ ಇದ್ದರು. ಕುಂಞಣ್ಣ ಯಾರನ್ನೂ ಲೆಕ್ಕಿಸದೆ, "ಇವತ್ತೂ ಆಯ್ತು ಸಿಸ್ಟರೇ!" ಎಂದು ಗಟ್ಟಿಯಾಗಿ ಹೇಳಿದ. ಕೈಜಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ಆಮೇಲೆ ಕಲ್ಲು ಕಡಿದು ಗಂಟುಕಟ್ಟಿದ ತನ್ನ ಕೈಯನ್ನು ಮಗಳ ಕಡೆ ಚಾಚಿದ.

"ಮಾತ್ರೆ ಕೊಡು ಮಗಾ" ಎಂದ. "ತುಂಬ ನೋವುಂಟು."