ಫೋಟೋಗೆ ತಂದ ಹಾಲಿನ ಡಬ್ಬಿ

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದರು. ಆಳು ಚಿಕ್ಕದು, ಮಾತು ಅದಕ್ಕಿಂತ ಚಿಕ್ಕದು. ಯುದ್ಧಕ್ಕೆ ಮುಂಚೆ ಅಲ್ಲಿ ಹೋಟೆಲುಗಳ ಮೇಜುಬಟ್ಟೆ, ದಿಂಬಿನ ಚೀಲ ಒಗೆಯುತ್ತಿದ್ದರು. ಈಗ ಲಾರಿ ತುಂಬ ಆಸ್ಪತ್ರೆಯ ಹಾಸುಗಳೂ ಸೈನಿಕರ ಅಂಗಿ, ಷರಾಯಿಗಳೂ ಬರುತ್ತಿದ್ದವು. ಬಿಸಿನೀರು ತಗುಲಿದರೆ ರಕ್ತದ ಕಲೆ ಕೂತುಬಿಡುತ್ತದೆ. ಅದಕ್ಕೆ ಮೊದಲೇ ತಣ್ಣೀರಿನಲ್ಲಿ ಉಜ್ಜಿ ತೆಗೆಯುವುದು ಗುಬ್ಬಿಯ ಕೆಲಸ. ಅಂಗಿ ಕೈಗೆ ಬಂದೊಡನೆ ಅವಳು ಕಾಲರಿನ ಒಳಗಿನ ನಂಬರು ನೋಡುತ್ತಿದ್ದಳು. ಗಂಡನದಲ್ಲ ಎಂದು ಖಾತ್ರಿಯಾದ ಮೇಲೆ ಸೋಪು ಹಚ್ಚುತ್ತಿದ್ದಳು.

ಗಂಡ ಗಡಿಯಲ್ಲಿದ್ದ. ಮನೆಯಲ್ಲಿ ಅತ್ತೆ, ಮಾತು ಕಲಿತು ತಲೆ ತಿನ್ನುವ ವಯಸ್ಸಿನ ಪುಟ್ಟಿ, ಇನ್ನೂ ಹಲ್ಲು ಬಾರದ ಕೂಸು. ಎರಡು ಕೋಣೆ, ಬಾಂಬಿನ ಸದ್ದಿಗೆ ಒಡೆಯದಿರಲೆಂದು ಗಾಜಿಗೆ ಕಾಗದದ ಪಟ್ಟಿ ಅಂಟಿಸಿದ ಕಿಟಕಿ. ಹಗಲೆಲ್ಲ ನಿಂತು ದುಡಿದು, ಅರೆಹೊಟ್ಟೆ ಉಂಡು ಗುಬ್ಬಿಯ ಎದೆಹಾಲು ಬತ್ತಿಹೋಗಿತ್ತು. ಪಡಿತರದ ಅಂಗಡಿಯಲ್ಲಿ ಹಾಲಿನ ಪುಡಿ ಕೇಳಿದರೆ, "ಬಂದಿಲ್ಲ" ಎಂಬ ಒಂದೇ ಉತ್ತರ. ಕೆಳಮನೆಯ ದರ್ಜಿಯ ಹೆಂಡತಿ ದಿನಾ ಅರ್ಧ ಲೋಟ ಹಾಲು ಕೊಡುತ್ತಿದ್ದಳು. ರಜೆಗೆ ಬರುವವರ ಕೈಯಲ್ಲಿ ಗಂಡ ತನ್ನ ಪಾಲಿನ ಬಿಸ್ಕತ್ತು, ಸಕ್ಕರೆ ಉಳಿಸಿ ಕಳಿಸುತ್ತಿದ್ದ. ಹೇಗೋ ನಡೆಯುತ್ತಿತ್ತು.

ಒಂದು ಭಾನುವಾರ ಪ್ರಚಾರ ಕಚೇರಿಯ ಅಧಿಕಾರಿ ಒಬ್ಬ ಫೋಟೋಗ್ರಾಫರನ ಜೊತೆ ಮನೆಗೆ ಬಂದ. ಸೈನಿಕರ ಸಂಸಾರದ ಚಿತ್ರ ತೆಗೆಯಬೇಕಂತೆ. ತಕರಾರು ಮಾಡದ ಹೆಂಗಸು ಯಾರೆಂದು ಕೇಳಿದ್ದಕ್ಕೆ ಲಾಂಡ್ರಿಯ ಮೇಸ್ತ್ರಿ ಇವಳನ್ನು ತೋರಿಸಿದ್ದ.

ಅಧಿಕಾರಿ ಬ್ಯಾಗಿನಿಂದ ಒಂದೊಂದಾಗಿ ತೆಗೆದ. ಮೇಜಿಗೊಂದು ಹೂವಿನ ಬಟ್ಟೆ. ಒಂದು ದೊಡ್ಡ ಬ್ರೆಡ್ಡು. ಪುಟ್ಟಿಗೆ ಗೊಂಬೆ. ಗುಬ್ಬಿಯ ಕೈಗೆ ಹಾಲಿನ ಪುಡಿಯ ಹೊಸ ಡಬ್ಬಿ. ಅದನ್ನು ಹಿಡಿದೊಡನೆ ಅವಳು ಕೂಸಿನ ಕಡೆ ನೋಡಿದಳು.

"ಸ್ವಲ್ಪ ನಗಮ್ಮಾ. ಯಾರೋ ಸತ್ತಹಾಗೆ ಯಾಕೆ ನಿಂತಿದ್ದೀಯ?" ಎಂದ ಅಧಿಕಾರಿ.

ಗುಬ್ಬಿ ನಕ್ಕಳು. ಕ್ಯಾಮೆರಾದ ಬಲ್ಬು ಫಳಾರೆಂದಿತು. ಅತ್ತೆ ಬೆಚ್ಚಿಬಿದ್ದು, "ಅಯ್ಯೋ, ಬಾಂಬು!" ಎಂದು ಮೇಜಿನಡಿ ತೂರಿಕೊಂಡರು. ಎಲ್ಲರಿಗೂ ನಗು ಬಂತು. ಅಷ್ಟರಲ್ಲಿ ಅಧಿಕಾರಿ ಬ್ರೆಡ್ಡನ್ನು ಬ್ಯಾಗಿಗೆ ಹಾಕಿದ. ಮೇಜಿನ ಬಟ್ಟೆ ಮಡಚಿದ. ಪುಟ್ಟಿಯ ಕಂಕುಳಿನಿಂದ ಗೊಂಬೆ ಎಳೆದುಕೊಂಡ. ಮಗು ಕಿಟಾರನೆ ಕಿರುಚಿತು.

ಗುಬ್ಬಿ ಡಬ್ಬಿಯನ್ನು ಎದೆಗೆ ಅವುಚಿಕೊಂಡಳು. "ಇದನ್ನಾದ್ರೂ ಬಿಟ್ಟುಹೋಗಿ ಸಾರ್. ಕೂಸಿಗೆ ಹಾಲಿಲ್ಲ."

"ಅದರಲ್ಲೇನಿದೆ ಅಂದ್ಕೊಂಡ್ಯಮ್ಮಾ? ಕೊಡು, ಇನ್ನೂ ನಾಲ್ಕು ಮನೆಗೆ ಹೋಗ್ಬೇಕು."

ಮುಚ್ಚಳ ತೆರೆದು ನೋಡಿದರೆ ಒಳಗೆ ಹತ್ತಿಯಲ್ಲಿ ಸುತ್ತಿಟ್ಟ ಫೋಟೋಗ್ರಾಫರನ ಬಲ್ಬುಗಳು. ಅವನು ತಲೆ ತಗ್ಗಿಸಿ, ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದ.

"ಹಲ್ಲು ಕಿರಿಯೋಕೆ ಹೇಳಿದ್ರು, ಕಿರಿದೆ. ನನಗೆ ನಾನೇ ಕಪಾಳಕ್ಕೆ ಹೊಡ್ಕೋಬೇಕು ಅನ್ನಿಸ್ತಿದೆ ಅತ್ತೆ," ಎಂದಳು ಗುಬ್ಬಿ.

"ದೊಡ್ಡವರ ಸಹವಾಸ ನಮಗ್ಯಾಕೆ? ಮರೆತುಬಿಡು," ಎಂದರು ಅತ್ತೆ.

ಮರೆಯಲು ಊರು ಬಿಡಬೇಕಲ್ಲ! ವಾರ ಕಳೆಯುವಷ್ಟರಲ್ಲಿ ಆ ಚಿತ್ರ ಪೇಪರಿನಲ್ಲಿ ಬಂತು. ಆಮೇಲೆ ಆಳೆತ್ತರದ ಪೋಸ್ಟರಾಗಿ ಬೀದಿ ಬೀದಿಯ ಗೋಡೆ ಹತ್ತಿತು. ಡಬ್ಬಿ ಹಿಡಿದು ನಗುವ ಗುಬ್ಬಿ. ಕೆಳಗೆ ದಪ್ಪಕ್ಷರದಲ್ಲಿ: "ನಮ್ಮ ಮನೆಯಲ್ಲಿ ಯಾವ ಕೊರತೆಯೂ ಇಲ್ಲ!"

ಮಾರನೆಯ ದಿನ ಪುಟ್ಟಿ ಲೋಟ ಹಿಡಿದು ಕೆಳಮನೆಗೆ ಹೋದವಳು ಖಾಲಿ ಲೋಟದೊಂದಿಗೆ ವಾಪಸ್ಸು ಬಂದಳು. ಗುಬ್ಬಿ ಹೋಗಿ ಕೇಳಿದಳು.

"ಡಬ್ಬಿಗಟ್ಟಲೆ ಇಟ್ಕೊಂಡು ನನ್ನ ಮಗನ ಪಾಲಿಗೆ ಕೈ ಒಡ್ತೀಯಲ್ಲ, ನಿನಗೆ ಮನಸ್ಸಾದರೂ ಹೇಗೆ ಬಂತೇ?" ಎಂದಳು ದರ್ಜಿಯ ಹೆಂಡತಿ.

"ಅಕ್ಕಾ, ಅದರಲ್ಲಿ ಪುಡಿ ಇರ್ಲಿಲ್ಲ, ಬಲ್ಬಿತ್ತು. ಅವರೇ ತಂದು ಅವರೇ ಒಯ್ದ್ರು."

"ನಗು ಮಾತ್ರ ನಿಂದೇ ತಾನೆ?" ಎಂದು ಅವಳು ಬಾಗಿಲು ಹಾಕಿಕೊಂಡಳು.

ಗುಬ್ಬಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಾದವರ ಮೇಲೆ ಬಂದದ್ದನ್ನು ಲಾಂಡ್ರಿಯ ಅಂಗಿಗಳನ್ನು ಉಜ್ಜಿ ಉಜ್ಜಿ ತೀರಿಸಿಕೊಂಡಳು. ಗಂಜಿನೀರು ಕುಡಿದ ಕೂಸಿಗೆ ಭೇದಿ ಹತ್ತಿತು. ಅಳುವುದಕ್ಕೂ ತ್ರಾಣವಿಲ್ಲದೆ ಅದು ಬಾಯಿ ಮಾತ್ರ ತೆರೆಯುತ್ತಿತ್ತು.

ಅಂಥ ಒಂದು ಸಂಜೆ ಗಂಡನ ತುಕಡಿಯವನೊಬ್ಬ ಬಂದ. ಕೈಗೆ ಪೆಟ್ಟಾಗಿ ರಜೆ ಸಿಕ್ಕಿತ್ತು. ಯೋಗಕ್ಷೇಮ ಹೇಳಿ ಎದ್ದು ನಿಂತ. ಗುಬ್ಬಿ ಸಂಕೋಚದಿಂದಲೇ ಕೇಳಿದಳು: "ಅಣ್ಣಾ, ಅವರು ಏನೂ ಕಳಿಸ್ಲಿಲ್ವಾ?"

"ಕೊಡೋದೇನಾದ್ರೂ ಇದೆಯಾ ಅಂತ ಈ ಸಲ ನಾನೇ ಕೇಳಿದೆ ತಂಗೀ. ನಿನ್ನ ಚಿತ್ರ ಪೇಪರ್‌ನಲ್ಲಿ ನೋಡಿ ಅವನಿಗೆ ಎಷ್ಟು ಖುಷಿ ಗೊತ್ತಾ? ಎಲ್ಲರಿಗೂ ತೋರಿಸ್ತಾನೆ. ನಮ್ಮನೇಲಿ ಬೇಕಾದಷ್ಟಿದೆ, ಇಲ್ಲದವರು ತಗೊಳ್ಳಿ ಅಂತ ತನ್ನ ಪಾಲನ್ನೆಲ್ಲ ಹಂಚಿಬಿಟ್ಟ."

ಗುಬ್ಬಿಯ ಮೈ ಕಾಲಿನಿಂದ ತಲೆಯವರೆಗೆ ಉರಿದುಹೋಯಿತು. ಊರಿಗೆ ಹೇಳಿದ ಸುಳ್ಳನ್ನು ಹೇಗೋ ನುಂಗಿದ್ದಳು. ಇದು ಅವಳ ಗಂಡನ ಕೈಯಿಂದಲೇ ಮಗುವಿನ ತುತ್ತು ಕಿತ್ತಿತ್ತು.

ಬೆಳಿಗ್ಗೆ ಅವಳು ಲಾಂಡ್ರಿಯ ದಾರಿ ಹಿಡಿಯಲಿಲ್ಲ. ಕೂಸನ್ನು ಎತ್ತಿಕೊಂಡು ನೇರ ಪ್ರಚಾರ ಕಚೇರಿಗೆ ನುಗ್ಗಿದಳು. ತಡೆಯಲು ಬಂದ ಜವಾನನಿಗೆ, "ಬಾಗಿಲಲ್ಲೇ ನನ್ನ ಮುಖ ಅಂಟಿಸಿದ್ದೀರಲ್ಲ, ಗುರುತು ಸಿಗ್ಲಿಲ್ವಾ?" ಎಂದಳು. ಜವಾನ ಪೋಸ್ಟರನ್ನೂ ಅವಳನ್ನೂ ನೋಡಿ ದಾರಿ ಬಿಟ್ಟ.

ಕೂಸನ್ನು ಅಧಿಕಾರಿಯ ಮೇಜಿನ ಮೇಲೆ, ಕಾಗದಗಳ ನಡುವೆ ಮಲಗಿಸಿದಳು.

"ಇವನ ಫೋಟೋ ತೆಗೆಸಿ. ಇವನೂ ನಮ್ಮನೆಯವನೇ."

"ಏನಮ್ಮಾ ಇದು? ಇದು ಕಚೇರಿ. ಮೆತ್ತಗೆ ಮಾತಾಡು."

"ಮೆತ್ತಗಿದ್ದೆ ಅಂತಲೇ ನನ್ನನ್ನ ಹುಡುಕಿಕೊಂಡು ಬಂದ್ರಿ. ಕೊರತೆ ಇಲ್ಲ ಅಂತ ನನ್ನ ಬಾಯಲ್ಲಿ ಹೇಳಿಸಿದ್ರಲ್ಲ, ಆ ಹಾಲು ಎಲ್ಲಿ? ತಾ ಇಲ್ಲಿ!"

ಮರ್ಯಾದೆಯ ಮಾತು ಅವಳ ನಾಲಿಗೆಯಿಂದ ಜಾರಿಹೋಗಿತ್ತು. ಪಕ್ಕದ ಕೋಣೆಗಳ ಟೈಪಿನ ಸದ್ದು ನಿಂತಿತು. ಬಾಗಿಲಲ್ಲಿ ತಲೆಗಳು ಇಣುಕಿದವು. ಅಷ್ಟರಲ್ಲಿ ಕೂಸು ಕಾಗದಗಳನ್ನೆಲ್ಲ ಒದ್ದೆ ಮಾಡಿತು. ಅಧಿಕಾರಿ ಕುರ್ಚಿ ಸಮೇತ ಹಿಂದೆ ಸರಿದ. ಆಮೇಲೆ ಬೀರು ತೆಗೆದು ಒಂದು ಡಬ್ಬಿ ತಂದ. ಈ ಸಲ ತುಂಬಿತ್ತು. ಸೀಲು ಕೂಡ ಒಡೆದಿರಲಿಲ್ಲ. ಬೀರುವಿನೊಳಗೆ ಅಂಥವೇ ಸಾಲು ಸಾಲು.

"ತಗೊಂಡು ಹೋಗು. ಯಾರಿಗೂ ಹೇಳ್ಬೇಡ."

ಅವಳು ತೆಗೆದುಕೊಂಡಳು. ಕೂಸು ಸಾಯುತ್ತಿರುವಾಗ ಬೇಡ ಎನ್ನುವ ಠೇಂಕಾರ ಅವಳಿಗೆ ಬೇಕಿರಲಿಲ್ಲ. ಆದರೆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಎಲ್ಲರಿಗೂ ಕಾಣುವಂತೆ ಹಿಡಿದು ಬೀದಿಗುಂಟ ನಡೆದಳು. ಕೇಳಿದವರಿಗೂ ಹೇಳಿದಳು, ಕೇಳದವರಿಗೂ ಹೇಳಿದಳು: "ಅವರ ಬೀರು ತುಂಬ ಇದೆ. ಹೋಗಿ." ದರ್ಜಿಯ ಹೆಂಡತಿಯ ಬಾಗಿಲು ತಟ್ಟಿ, ಅವಳ ಪಾತ್ರೆಗೂ ಪುಡಿ ಸುರಿದಳು. ಅವಳು ಗುಬ್ಬಿಯ ಕೈಯಿಂದ ಕೂಸನ್ನು ಎತ್ತಿಕೊಂಡಳು.

ಮಾರನೆಯ ಬೆಳಿಗ್ಗೆ ಕಚೇರಿಯ ಮುಂದೆ ಕಂಕುಳಲ್ಲಿ ಮಕ್ಕಳನ್ನಿಟ್ಟುಕೊಂಡ ಹೆಂಗಸರು ರಸ್ತೆಯ ತುದಿಯವರೆಗೂ ನಿಂತಿದ್ದರು. ಲಾಂಡ್ರಿಯವರೇ ಅರ್ಧ. ಮೇಸ್ತ್ರಿ ಬೈದುಕೊಳ್ಳುತ್ತ ಬಂದವನು, ಆ ಸಾಲಿನಲ್ಲಿ ತನ್ನ ಹೆಂಡತಿಯನ್ನು ಕಂಡು ಹಾಗೇ ತಿರುಗಿ ಹೋದ. ಪೊಲೀಸರು ಬಂದರು, ಅಷ್ಟು ಕೂಸುಗಳ ಮೇಲೆ ಲಾಠಿ ಎತ್ತಲು ಯಾರಿಗೂ ಕೈ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೀರು ತೆರೆಯಲೇಬೇಕಾಯಿತು. ಅಂದಿನಿಂದ ವಾರಕ್ಕೊಮ್ಮೆ ಒಂದೊಂದು ಮಗುವಿಗೆ ಒಂದೊಂದು ಅಳತೆ ಪುಡಿ ಕೊಡತೊಡಗಿದರು. ಪೋಸ್ಟರುಗಳನ್ನು ಸದ್ದಿಲ್ಲದೆ ಕಿತ್ತರು. ಗುಬ್ಬಿಯನ್ನು ಕುದಿಯುವ ತೊಟ್ಟಿಗಳ ಕೆಲಸಕ್ಕೆ ಹಾಕಿ ಮೇಸ್ತ್ರಿ ಸೇಡು ತೀರಿಸಿಕೊಂಡ. ಅವಳ ತೋಳಿನ ಮೇಲೆ ಬೊಬ್ಬೆಗಳೆದ್ದವು. ಕೂಸು ಮಾತ್ರ ಚೇತರಿಸಿಕೊಂಡು, ಕೇರಿಗೆಲ್ಲ ಕೇಳುವಂತೆ ಅಳತೊಡಗಿತು.

ಚಳಿ ಇಳಿಯುವ ಹೊತ್ತಿಗೆ ಗಂಡ ರಜೆಯ ಮೇಲೆ ಬಂದ. ಅತ್ತೆ ಎಲ್ಲವನ್ನೂ ಹೇಳಿದರು. ಅವನು ಕಂಗಾಲಾದ.

"ಫೋಟೋದಲ್ಲಿ ಎಲ್ಲ ಚೆನ್ನಾಗೇ ಕಾಣ್ತಿತ್ತಲ್ಲ ಕಣೇ."

"ನೀವು ನೋಡಿದ್ದು ನನ್ನ ಮುಖಾನಾ, ಡಬ್ಬೀನಾ?" ಎಂದಳು ಗುಬ್ಬಿ. "ಕೆನ್ನೆ ಒಳಗೆ ಹೋಗಿರೋದು ಕಾಣ್ಲಿಲ್ವಾ? ಅದೇ ಕಣ್ಣಲ್ಲೇನ್ರೀ ಗಡಿ ಕಾಯೋದು?"

ಪುಡಿ ಕೊಡುವ ದಿನ ಅವನು ತಾನೇ ಕೂಸನ್ನು ಎತ್ತಿಕೊಂಡು, ಸಮವಸ್ತ್ರ ತೊಟ್ಟು ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಮುಂದೆ ಬನ್ನಿ ಎಂದು ಜವಾನ ಕರೆದರೂ ಹೆಂಗಸರ ಹಿಂದಿನಿಂದ ಕದಲಲಿಲ್ಲ. ಇದನ್ನು ದರ್ಜಿಯ ಹೆಂಡತಿ ಬಂದು ಹೊಗಳಿ ಹೊಗಳಿ ಹೇಳಿದಾಗ ಗುಬ್ಬಿ ಬೊಬ್ಬೆಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

"ನಿಲ್ಲಲಿ ಬಿಡಕ್ಕಾ," ಎಂದಳು. "ನಾವೆಷ್ಟು ನಿಂತಿಲ್ಲ?"